ಜಾಗ ಹಿಡಿದ ಹಿಮಹಕ್ಕಿ

ಏಪ್ರಿಲ್ 14, ಭಾನುವಾರ

ಚರ್ಚಿನಿಂದ ಇಬ್ಬರು ಹೆಂಗಸರು ಬಂದು ಸಮಾಧಾನ ಹೇಳಿ ಹೋದರು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಗಡಿಯಾರ ನೋಡಿದರು. ಸಮಾಧಿಗೂ ಸಮಾಧಾನಕ್ಕೂ ಮೊದಲೆರಡು ಅಕ್ಷರ ಒಂದೇ. ಅದರಾಚೆಗೆ ಸಂಬಂಧವಿದ್ದಂತೆ ಕಾಣಲಿಲ್ಲ.

ಅವರು ಹೋದಮೇಲೆ ಈ ಪುಸ್ತಕ ತೆಗೆದೆ. ನನ್ನ ಹೆಂಡತಿ ವಿಲೋಡೀನ್ ನವೆಂಬರಿನಲ್ಲಿ ತೀರಿಹೋದಳು. ಜನವರಿಯಿಂದ ಇಲ್ಲಿಯವರೆಗೆ ಹಾಳೆಗಳೆಲ್ಲ ಖಾಲಿ. ಬರೆಯಲು ಏನೂ ಇರಲಿಲ್ಲ ಅಂತಲ್ಲ, ಪೆನ್ನು ಪಕ್ಕದ ಕೋಣೆಯಲ್ಲಿತ್ತು. ಈ ಚಳಿಗಾಲದಲ್ಲಿ ಪಕ್ಕದ ಕೋಣೆ ಬಹಳ ದೂರ ಹೋಗಿಬಿಟ್ಟಿದೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿದೆ. ಸತ್ತ ಭಾಷೆಯಿಂದ ಬದುಕಿದವನು ನಾನು. ಈಗ ಜೀವಂತ ಭಾಷೆಯಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಸುಸ್ತಾಗುತ್ತದೆ.

ಅಂಗಳದ ಹಿಮಹಕ್ಕಿಗಳೂ ಹೊರಟುಹೋದವು. ಚಳಿಗಾಲವೆಲ್ಲ ನೆಲದ ಮೇಲೆ ಕುಪ್ಪಳಿಸುತ್ತ, ಎರಡೂ ಕಾಲಿನಿಂದ ಒಟ್ಟಿಗೆ ಎಲೆ ಕೆದರುತ್ತ ಇದ್ದವು. ಮೇಲೆಲ್ಲ ಬೂದಿ ಬಣ್ಣ, ಹೊಟ್ಟೆ ಮಾತ್ರ ಬಿಳಿ. ಬೂದಿ ಕೋಟಿನ ಪಾದ್ರಿ ಹಿಟ್ಟಿನ ರಾಶಿಯಲ್ಲಿ ಕೂತೆದ್ದ ಹಾಗೆ. ಅವಳು ಬಿಟ್ಟುಹೋದ ಬರಗಿನ ಮೂಟೆ ಇತ್ತು, ಎರಚುತ್ತಿದ್ದೆ. ಏಪ್ರಿಲ್ ಬಂತು, ಕೆನಡಾಕ್ಕೆ ಹೋದವು. ನಮ್ಮ ಕಣಿವೆಯಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು.

ಅಂಗಡಿಯಲ್ಲಿ ಹಾಲಿನ ಚಿಕ್ಕ ಡಬ್ಬಿ ತಂದೆ. ದೊಡ್ಡದು ಮುಗಿಸುವವರೆಗೆ ಯಾರು ಕಾಯುತ್ತಾರೆ?

ಏಪ್ರಿಲ್ 20

ಇವತ್ತು ಒಂದು ಕೆಲಸ ಮಾಡಿದೆ. ಬೆಟ್ಟದ ಮೇಲಿನ ಓಡೆಲ್ ಮಾವನಿಗೆ ಫೋನ್ ಮಾಡಿದೆ. ವಿಲೋಡೀನಳ ಚಿಕ್ಕಪ್ಪ. ಅವರ ಮನೆತನದ ಗೋರಿಗಳಿರುವ ಬೋಳುಗುಡ್ಡಕ್ಕೆ ಅವರೇ ಯಜಮಾನ.

"ಮಾವ, ನಾನು ಹಾಲಿಸ್."

"ಯಾವ ಹಾಲಿಸ್?"

"ನಿಮ್ಮ ಅಳಿಯ. ವಿಲೋಡೀನ್ ಗಂಡ."

"ಓ, ಕೆಳಗಿನೋನು!"

ಅವರ ಮನೆಯ ಹುಡುಗಿಯ ಜೊತೆ ಒಂದಿಡೀ ಆಯುಸ್ಸು ಸಂಸಾರ ಮಾಡಿದ್ದೇನೆ, ಇನ್ನೂ ಕೆಳಗಿನವನೇ. ಕೊನೆಗೆ ಹೇಗೂ ನೆಲದ ಕೆಳಗಿನವನಾಗಬೇಕು. ಅದು ಅವರ ಬೆಟ್ಟದಲ್ಲೇ ಆಗಲಿ ಅಂತ ಕೇಳುವುದಕ್ಕೇ ಫೋನ್ ಮಾಡಿದ್ದು.

"ವಿಲೋಡೀನ್ ಪಕ್ಕ, ಬೇಲಿ ಕಡೆ, ಒಂದು ಜಾಗ ಖಾಲಿ ಇದೆಯಲ್ಲ ಮಾವ..."

"ಇದೆ. ಯಾಕೆ, ಈಗ್ಲೇ ಬೇಕಾ?"

"ಈಗ್ಲೇ ಅಂತಲ್ಲ. ಆದ್ರೂ ತುಂಬ ತಡ ಆಗೋದು ಬೇಡ ಅಂತ."

"ನೋಡಯ್ಯ, ನಮ್ಮಪ್ಪನ ಕಾಲದಿಂದ ಒಂದೇ ಮಾತು. ಈ ಮನೆ ರಕ್ತ ಆದ್ರೆ ಕೇಳೋ ಹಾಗೇ ಇಲ್ಲ, ಬಂದು ಮಲಗ್ಬೋದು. ಹೊರಗಿನೋರು ಮಾತ್ರ ಗೋರಿಗಳಿಗೆ ಹೂವೇರಿಸೋ ಭಾನುವಾರದ ಹಿಂದಿನ ದಿನ ಬಂದು, ತಮ್ಮೋರ ಗೋರಿ ತಾವೇ ಕೆರೀಬೇಕು. ಒಂದೆಳೆ ಹುಲ್ಲು ಇರ್ಬಾರ್ದು. ಬರೀ ಮಣ್ಣು ಕಾಣ್ಬೇಕು, ಮಣ್ಣು ಏರಿಸಿ ದಿಂಡು ಕಟ್ಬೇಕು. ಕೆರೆದೋನಿಗೆ ಜಾಗ."

"ಕೆರೀತೀನಿ ಮಾವ."

"ಆ ಜಾಗ ನಿನ್ನ ನಾದಿನೀನೂ ಕೇಳವ್ಳೆ, ತಿಳ್ಕೋ. ಅಕ್ಕನ ಪಕ್ಕ ಇರ್ಬೇಕು ಅಂತ. ಅವ್ಳು ರಕ್ತ. ಆದ್ರೂ ಗಂಡಂಗೆ ಮೊದಲು ಅಂದೆ. ಜೂನ್ ಎರಡನೇ ಶನಿವಾರ. ಗುದ್ದಲಿ ನೀನೇ ತಾ, ನಮ್ದು ಕೊಡಲ್ಲ."

ಫೋನ್ ಇಟ್ಟಮೇಲೆ ಎಷ್ಟೋ ದಿನಗಳ ಬಳಿಕ ಹಗುರಾಗಿ ಮಲಗಿದೆ. ಜೂನ್ ತನಕ ಎಳೆದರೆ ಸಾಕು. ಆಮೇಲೆ ಯಾವಾಗ ಬೇಕಾದರೂ.

ಮೇ 3

ಮಳೆ. ಡಬ್ಬಿಯ ಸೂಪು. ಪಿಕಪ್ಪಿನ ಬ್ರೇಕು ಕಿರುಚುತ್ತದೆ. ಮೆಕ್ಯಾನಿಕ್ಕು ಹೊಸದು ಹಾಕಿಸಿ ಅಂದ. ಬೆಟ್ಟಕ್ಕೆ ಒಂದು ಸಲ ಹೋಗಿ ಬರಲು ಹೊಸ ಬ್ರೇಕು ಯಾಕೆ ಅಂದೆ. ಹೋಗೋಕೆ ಬೇಡ ಸಾರ್, ಬರೋಕೆ ಬೇಕು ಅಂದ. ಅದನ್ನು ನಾನು ಅಷ್ಟಾಗಿ ಯೋಚಿಸಿರಲಿಲ್ಲ.

ಮೇ 18, ಶನಿವಾರ

ಗುದ್ದಲಿ ಹಿಡಿದು ಬಹಳ ಕಾಲವಾಯಿತು, ಸ್ವಲ್ಪ ಮುಂಚೆಯೇ ಹೋಗಿ ಗೋರಿಯ ಸ್ಥಿತಿ ನೋಡಿಕೊಂಡು ಬರೋಣ ಅಂತ ಬೆಟ್ಟ ಹತ್ತಿದೆ. ಕೆಳಗೆ ಬೇಸಿಗೆ. ಮೇಲೆ ಹೋದಂತೆಲ್ಲ ಕಿಟಕಿಯ ಗಾಜು ತಣ್ಣಗಾಯಿತು. ಸೂಜಿ ಎಲೆಯ ಫರ್ ಮರಗಳ ಮಧ್ಯೆ ಮಂಜು ಸುಮ್ಮನೆ ನಿಂತಿತ್ತು. ಬೋಳುಗುಡ್ಡದಲ್ಲಿ ಬೋಳಾಗಿದ್ದದ್ದು ನನ್ನ ತಲೆ ಒಂದೇ, ಗೋರಿಗಳ ಮೇಲೆಲ್ಲ ಮೊಣಕಾಲೆತ್ತರ ಹುಲ್ಲು. ವಿಲೋಡೀನಳ ದಿಂಡು ಚಳಿಗಾಲದಲ್ಲಿ ಕುಸಿದು ಒಂದು ಪಕ್ಕ ಜಾರಿದೆ. ಕ್ರಿಸ್‌ಮಸ್ಸಿಗೆ ನಾದಿನಿ ನೆಲ್ಡಾ ಇಟ್ಟಿದ್ದ ಪ್ಲಾಸ್ಟಿಕ್ ಹೂವಿನ ಚಕ್ರ ಬಿಳಚಿಕೊಂಡು ಅಲ್ಲೇ ಇದೆ.

ಹತ್ತಿರ ಹೋದೆನೋ ಇಲ್ಲವೋ, ಕಾಲ ಬುಡದಿಂದ ಒಂದು ಹಕ್ಕಿ ಹಾರಿತು. ಹಾರಿತು ಅಂದರೆ ತಪ್ಪು. ರೆಕ್ಕೆ ಎಳೆದುಕೊಂಡು, ಬಾಲ ಬಿಚ್ಚಿಕೊಂಡು, ಹುಲ್ಲಿನ ಮೇಲೆ ಉರುಳಿದ ಹಾಗೆ ಓಡಿತು. ಬೂದಿ ಬಣ್ಣ, ಬಿಳಿ ಹೊಟ್ಟೆ, ಬಾಲದ ಎರಡು ಅಂಚಿನಲ್ಲಿ ಬಿಳಿ ಗರಿ. ನಮ್ಮ ಅಂಗಳದ ಹಿಮಹಕ್ಕಿ!

ಮೇ ತಿಂಗಳಲ್ಲಿ ಹಿಮಹಕ್ಕಿ ಇಲ್ಲೇನು ಮಾಡುತ್ತದೆ? ಪಾಪ, ರೆಕ್ಕೆ ಮುರಿದು ಗುಂಪಿನಿಂದ ಉಳಿದುಹೋಗಿದೆ, ಕೆನಡಾದ ಬಸ್ಸು ತಪ್ಪಿಸಿಕೊಂಡಿದೆ ಅಂದುಕೊಂಡೆ. ಉಳಿದುಹೋದವರನ್ನು ಕಂಡರೆ ನನಗೆ ಈಗೀಗ ಸಲಿಗೆ ಜಾಸ್ತಿ. ಹಿಡಿದು ಕೆಳಗೆ ಪಶುವೈದ್ಯರಿಗೆ ತೋರಿಸೋಣ ಅಂತ ಟೋಪಿ ತೆಗೆದು ಬೆನ್ನು ಹತ್ತಿದೆ. ಅದು ಒಂದು ಗೋರಿ ದಾಟಿ ಕೂತಿತು. ನಾನು ದಾಟಿದೆ. ಇನ್ನೊಂದು ದಾಟಿತು. ಮಂಡಿ ಊರಿ ಟೋಪಿ ಮುಚ್ಚಿದೆ. ಟೋಪಿಯೊಳಗೆ ಹುಲ್ಲು ಸಿಕ್ಕಿತು. ವಿಲೋಡೀನಳ ಅಜ್ಜನ ಕಲ್ಲಿಗೆ ಮೊಣಕಾಲು ಬಡಿದು ಅವರ ಮೇಲೇ ಬಿದ್ದೆ. ಬದುಕಿದ್ದಾಗ ಇಷ್ಟು ಹತ್ತಿರ ಬಿಟ್ಟುಕೊಂಡವರಲ್ಲ ಅವರು.

ಆಗ ಬೇಲಿಯ ಕಡೆಯಿಂದ ನಗು ಕೇಳಿಸಿತು. ನೆಲ್ಡಾ.

ನಾದಿನಿಯ ನಾದ ನವೆಂಬರಿನಿಂದ ಕೇಳಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವಳಿಗೆ ಅಕ್ಕನ ಮೂಗಿದೆ, ನನಗೆ ಅದನ್ನು ನೋಡುವ ಧೈರ್ಯ ಇರಲಿಲ್ಲ.

"ಭಾವ, ಏನ್ ಆಟ ಇದು? ಸತ್ತೋರಿಗೆ ಸರ್ಕಸ್ ತೋರಿಸ್ತಿದೀರಾ?"

"ಈ ಹಕ್ಕಿಗೆ ರೆಕ್ಕೆ ಮುರಿದಿದೆ ನೆಲ್ಡಾ. ಕೆನಡಾಕ್ಕೆ ಹೋಗೋಕಾಗದೆ ಉಳ್ಕೊಂಡಿದೆ."

ಅವಳು ಬೇಲಿ ಹಿಡಿದುಕೊಂಡು ಕೂತೇಬಿಟ್ಟಳು. ಕಣ್ಣೊರೆಸಿಕೊಂಡಳು. "ಅಯ್ಯೋ ನಮ್ಮ ಪಂಡಿತ್ರೇ! ಹಿಮಹಕ್ಕಿ ಕೆನಡಾಕ್ಕೆ ಯಾಕ್ರೀ ಹೋಗುತ್ತೆ? ಚಳಿಗಾಲಕ್ಕೆ ನಿಮ್ಮ ಕಣಿವೆಗಿಳಿಯುತ್ತೆ, ಬೇಸಿಗೆಗೆ ಇಲ್ಲಿಗೆ ಹತ್ತುತ್ತೆ. ಅಷ್ಟೇ. ನಿಮ್ಮಂಗಳ ಅದಕ್ಕೆ ಛತ್ರ. ಮನೆ ಇದು."

"ಹಾಗಾದ್ರೆ ರೆಕ್ಕೆ?"

"ರೆಕ್ಕೆಗೆ ಏನೂ ಆಗಿಲ್ಲ. ಹತ್ರದಲ್ಲೆಲ್ಲೋ ಗೂಡಿದೆ. ನಿಮ್ಮನ್ನ ದೂರ ಕರ್ಕೊಂಡು ಹೋಗೋಕೆ ನಾಟಕ. ನೋಡಿ, ಎಷ್ಟು ದೂರ ಬಂದ್ರಿ!"

ನೋಡಿದರೆ ನಿಜ. ಗುಡ್ಡದ ಆ ತುದಿಯಲ್ಲಿದ್ದೆ. ಹಕ್ಕಿ ಫರ್ ಮರದ ಮೇಲೆ ಕೂತು ಟಿಕ್ ಟಿಕ್ ಅಂತ ನನ್ನನ್ನು ಬೈಯುತ್ತಿತ್ತು.

ಹೊರಡುವಾಗ ನೆಲ್ಡಾ ನಗು ನಿಲ್ಲಿಸಿ ಹೇಳಿದಳು: "ಆ ಜಾಗದ ವಿಷಯ ಚಿಕ್ಕಪ್ಪ ಹೇಳಿದ್ರು. ನೀವು ಕೆರೀದಿದ್ರೆ ನಾನು ಕೆರೀತೀನಿ ಭಾವ. ಹೇಳಿಲ್ಲ ಅನ್ಬೇಡಿ."

ಮೇ 20

ಲೈಬ್ರರಿಯಿಂದ ಹಕ್ಕಿಗಳ ಪುಸ್ತಕ ತಂದೆ. ಅದರಲ್ಲಿ ಹಿಮಹಕ್ಕಿಯ ಹೆಸರು ಜುಂಕೊ. ಲ್ಯಾಟಿನ್ನಿನ ಜುಂಕುಸ್, ಅಂದರೆ ಜೊಂಡುಹುಲ್ಲು. ಈ ಹಕ್ಕಿ ಜನ್ಮದಲ್ಲಿ ಜೊಂಡಿನ ಹತ್ತಿರ ಹೋಗಿಲ್ಲ. ಎರಡನೇ ಹೆಸರು ಹೈಮಾಲಿಸ್, ಚಳಿಗಾಲದ್ದು. ನಾನು ನೋಡಿದ್ದು ಮೇ ತಿಂಗಳಲ್ಲಿ. ಜೊಂಡಿನಲ್ಲಿಲ್ಲದ, ಚಳಿಗಾಲದ್ದಲ್ಲದ ಹಕ್ಕಿಗೆ "ಚಳಿಗಾಲದ ಜೊಂಡು" ಅಂತ ನಾಮಕರಣ. ನನ್ನ ವಿದ್ಯಾರ್ಥಿಗಳು ಇದಕ್ಕಿಂತ ಚೆನ್ನಾಗಿ ತಪ್ಪು ಮಾಡುತ್ತಿದ್ದರು.

ಗುರುತಿಸುವುದು ಹೇಗೆ ಅಂತ ಓದಿದೆ. ಕೂತಾಗ ಬೂದಿ ಗುಬ್ಬಿ, ಹಾರಿದಾಗ ಬಾಲದ ಬಿಳಿ ಅಂಚು ಕತ್ತರಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಅದೇ ಖಾತ್ರಿ ಗುರುತು. ಬಾಲ ನೋಡಿ ಕಲಿಯುವ ವಿದ್ಯೆ, ನಿಜವಾದ ಬಾಲಬೋಧೆ. ದೇಶದ ಒಂದೊಂದು ಮೂಲೆಯಲ್ಲಿ ಒಂದೊಂದು ಬಣ್ಣದ ಕೋಟು ಹಾಕುತ್ತದಂತೆ. ಪಶ್ಚಿಮದಲ್ಲಿ ತಲೆಗೆ ಕರಿ ಮುಸುಕು, ಬೆನ್ನು ಕಂದು. ನಮ್ಮಲ್ಲಿ ಬರೀ ಬೂದಿ. ಒಂದು ಕಾಲದಲ್ಲಿ ಇವನ್ನೆಲ್ಲ ಬೇರೆ ಬೇರೆ ಜಾತಿ ಅಂತ ಹಂಚಿ, ಆಮೇಲೆ ಒಂದಕ್ಕೊಂದು ಸಲೀಸಾಗಿ ಮದುವೆಯಾಗುವುದನ್ನು ಕಂಡು ಒಟ್ಟುಗೂಡಿಸಿದರಂತೆ. ಓಡೆಲ್ ಮಾವನಿಗೆ ಈ ಪುಟ ಓದಿ ಹೇಳಬೇಕು.

ಆದರೆ ಒಂದು ತೊಡಕು. ಕೊಕ್ಕು ಗುಲಾಬಿ ಅಂತ ಬರೆದಿದೆ. ಬೆಟ್ಟದ ಹಕ್ಕಿಯ ಕೊಕ್ಕು ಸೀಸದ ಹಾಗೆ ನೀಲಿಬೂದಿ ಇತ್ತು, ಗ್ಯಾರಂಟಿ. ಅಂಗಳದಲ್ಲಿ ನೋಡಿದ್ದು ಗುಲಾಬಿಯೇ. ಯಾವುದು ಸರಿ? ಮತ್ತೆ ಹೋಗಿ ನೋಡಬೇಕು.

ಬ್ರೇಕು ಹಾಕಿಸಿದೆ.

ಮೇ 22

ಗೂಡು ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ದೂರದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತೆ. ತಾಯಿ ಹಕ್ಕಿ ಬಂದು, ಅಲ್ಲಿ ಇಲ್ಲಿ ಕುಪ್ಪಳಿಸಿ, ನಾನು ಕಲ್ಲೆಂದು ತೀರ್ಮಾನಿಸಿ, ಸೀದಾ ವಿಲೋಡೀನಳ ದಿಂಡಿನ ಪಕ್ಕಕ್ಕೆ ಹೋಗಿ ಮಾಯವಾಯಿತು. ಮಣ್ಣು ಜಾರಿದ ಕಡೆ, ಪ್ಲಾಸ್ಟಿಕ್ ಚಕ್ರದ ಅಡಿಯಲ್ಲಿ, ಹುಲ್ಲಿನ ಸೂರಿನ ಕೆಳಗೆ ಬಟ್ಟಲಿನಂಥ ಗೂಡು. ಅದು ಮೇಯಲು ಹೋದಾಗ ಬಗ್ಗಿ ನೋಡಿದೆ. ನಾಲ್ಕು ಮೊಟ್ಟೆ, ಬಿಳಿ, ದಪ್ಪ ತುದಿಗೆ ಕಂದು ಚುಕ್ಕೆ. ಒಳಗೆ ಮೆತ್ತಗೆ ಬೂದು ಕೂದಲು ಹಾಸಿತ್ತು. ಯಾವುದೋ ಪ್ರಾಣಿಯದಿರಬೇಕು.

ಪುಸ್ತಕದ ಲೆಕ್ಕ: ಕಾವು ಎರಡು ವಾರಕ್ಕೆ ಸ್ವಲ್ಪ ಕಡಿಮೆ, ಗೂಡಲ್ಲಿ ಮರಿ ಮತ್ತೆ ಅಷ್ಟೇ ದಿನ. ಯಾವ ಕಡೆಯಿಂದ ಕೂಡಿಸಿದರೂ ಹೂವೇರಿಸುವ ಭಾನುವಾರದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಶನಿವಾರದೊಳಗೆ ಹಾರಿದರೆ ನಾನು ಕೆರೆಯಬಹುದು, ಜಾಗ ನನ್ನದು. ಹಾರದಿದ್ದರೆ...

ನೆಲ್ಡಾಗೆ ಹೇಳಲಿಲ್ಲ. ಕೊಕ್ಕು ನೀಲಿಯೇ.

ಮೇ 27

ಬರೆಯಲು ಮರೆತಿದ್ದ ಒಂದು ವಿಷಯ: ಕೊಕ್ಕಿನ ರಹಸ್ಯ ಬಯಲಾಯಿತು. ಪುಸ್ತಕದ ಹಿಂದೆ ಸಣ್ಣಕ್ಷರದಲ್ಲಿತ್ತು. ನಮ್ಮ ಬೆಟ್ಟಸಾಲಿನವುಗಳ ಕೊಕ್ಕು ನೀಲಿ, ಉತ್ತರದಿಂದ ಬರುವವುಗಳದ್ದು ಗುಲಾಬಿ. ಚಳಿಗಾಲದಲ್ಲಿ ಎರಡೂ ಬೆರೆತು ಮೇಯುತ್ತವೆ. ಅಂದರೆ ನಮ್ಮಂಗಳದಲ್ಲಿ ಒಂದೇ ಕಾಳು ತಿಂದವರಲ್ಲಿ ಅರ್ಧ ಜನ ಕೆನಡಾಕ್ಕೆ ಹೋದರು, ಉಳಿದವರು ನನ್ನ ಅತ್ತೆಮನೆಗೆ. ನಾನೂ ಸರಿ, ನೆಲ್ಡಾನೂ ಸರಿ. ಇದನ್ನು ಅವಳಿಗೆ ಫೋನ್ ಮಾಡಿ ಹೇಳಿದೆ.

"ಇದನ್ನ ಹೇಳೋಕೆ ಫೋನ್ ಮಾಡಿದ್ರಾ?" ಅಂದಳು.

"ಹೂಂ."

"ಊಟ ಮಾಡಿದ್ರಾ?"

"ಸೂಪು."

"ಅಕ್ಕ ಇದ್ದಿದ್ರೆ ಆ ಡಬ್ಬಿ ನಿಮ್ಮ ತಲೆ ಮೇಲೆ ಹಾಕ್ತಿದ್ಲು" ಅಂತ ಇಟ್ಟುಬಿಟ್ಟಳು.

ಮೇ 31

ಮರಿಗಳು! ನಾಲ್ಕೂ ಒಡೆದಿವೆ. ಕುರುಡು, ಬೋಳು, ಮೈಗಿಂತ ಬಾಯಿ ದೊಡ್ಡದು. ಮೊದಲ ಬೆಂಚಿನ ಹುಡುಗರ ಹಾಗೆ ಎಲ್ಲವೂ ಒಟ್ಟಿಗೆ ಬಾಯಿ ತೆರೆಯುತ್ತವೆ. ಗಂಡು ಫರ್ ಮರದ ತುದಿಯಲ್ಲಿ ಗಂಟೆ ಅಲುಗಿಸಿದ ಹಾಗೆ ಒಂದೇ ಸ್ವರ ಹಾಡಿ, ಇಳಿದು, ಹುಳು ಕೊಟ್ಟು, ಮತ್ತೆ ಹತ್ತುತ್ತದೆ. ಬೇಸರವೇ ಇಲ್ಲ ಮಹಾರಾಯನಿಗೆ.

ಬೂಟು ತೂತಾಗಿ ಸಾಕ್ಸು ಒದ್ದೆ. ವಾಪಸು ಬರುವಾಗ ಹೊಸ ಬೂಟು ಕೊಂಡೆ. ಗಟ್ಟಿಯವು ಕೊಡಿ ಅಂದೆ.

ಜೂನ್ 4

ಮೂರು ದಿನ ಸತತ ಮಳೆ, ಮೇಲೆ ಚಳಿ. ತಾಯಿ ಗೂಡು ಬಿಟ್ಟೇಳುವುದಿಲ್ಲ. ಮರಿಗಳಿಗೆ ಮೇವು ಕಡಿಮೆ, ಬೆಳೆಯುವುದು ನಿಧಾನ. ಮಳೆ ಸುರಿದಷ್ಟೂ ನನ್ನ ಶನಿವಾರ ಹಿಂದಕ್ಕೆ ಸರಿಯುತ್ತಿದೆ.

ಪಿಕಪ್ಪಿನಲ್ಲಿ ಕೂತು ಯೋಚಿಸಿದೆ. ಇಡೀ ಬೆಟ್ಟದಲ್ಲಿ ಎಷ್ಟು ಗೂಡಿರಬಹುದು? ದಾರಿಯ ಪ್ರತಿ ದಿಬ್ಬಕ್ಕೂ ಒಂದು. ಇದೊಂದು ಹೋದರೆ ಹಿಮಹಕ್ಕಿಯ ಸಂತತಿಗೆ ಏನೂ ಕೊರತೆಯಿಲ್ಲ. ನನಗಿರುವುದು ಒಂದೇ ಜಾಗ. ಹಕ್ಕಿ ದೊಡ್ಡದೋ ಹಕ್ಕು ದೊಡ್ಡದೋ ಅಂತ ಕೇಳಿಕೊಂಡೆ. ಉತ್ತರ ಬರುವ ಮೊದಲು ಕಿಟಕಿ ಮಂಜಾಯಿತು, ಒರೆಸಿ ಗೂಡು ನೋಡಿದೆ. ಅದು ರೆಕ್ಕೆ ಅಗಲಿಸಿ ಕೂತಿತ್ತು, ಬೆನ್ನ ಮೇಲೆ ನೀರು ಹರಿಯುತ್ತಿತ್ತು.

ಜೂನ್ 8, ಶನಿವಾರ

ಬೆಳಕು ಹರಿಯುವಷ್ಟರಲ್ಲಿ ಹೋದೆ. ಹಾರಿರಬಹುದೇ ಅಂತ ನೋಡಿದೆ. ನಾಲ್ಕೂ ಒಳಗೇ ಒತ್ತಿಕೊಂಡು ಕೂತಿದ್ದವು. ಗರಿ ಇನ್ನೂ ಅರೆಬರೆ, ಕಣ್ಣು ಮಾತ್ರ ಪೂರ್ತಿ ತೆರೆದಿತ್ತು.

ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಪಿಕಪ್ಪುಗಳು ಬಂದವು. ಇಡೀ ಮನೆತನ ಗುದ್ದಲಿ ಹಿಡಿದು ಇಳಿಯಿತು. ಬೆಳಗ್ಗೆಯೆಲ್ಲ ಕೆರೆದರು. ಒಂದೊಂದೇ ಗೋರಿ ಹುಲ್ಲು ಕಳೆದುಕೊಂಡು ಕೆಂಪು ಮಣ್ಣಿನ ದಿಂಡಾಯಿತು. ನಾನು ಬೇರೆಯವರದ್ದೆಲ್ಲ ಕೆರೆದೆ. ವಿಲೋಡೀನಳ ಅಜ್ಜನದು, ಅಜ್ಜಿಯದು, ಹೆಸರಿಲ್ಲದ ಎರಡು ಪುಟ್ಟ ಕಲ್ಲುಗಳದ್ದು. ಅಂಗೈಯಲ್ಲಿ ಬೊಬ್ಬೆ ಬಂತು. ಕೊನೆಗೆ ಉಳಿದದ್ದು ಒಂದೇ.

ಓಡೆಲ್ ಮಾವ ಕೋಲೂರಿಕೊಂಡು ಬಂದು ನಿಂತರು. "ಏನಳಿಯ, ಊರೋರ್ದೆಲ್ಲ ಕೆರೆದೆ. ಹೆಂಡ್ತೀದು?"

"ಮಾವ, ಅಲ್ಲಿ ಹಿಮಹಕ್ಕಿ ಗೂಡಿದೆ. ಮರಿ ಇವೆ."

"ಇರ್ಲಿ. ಅದಕ್ಕೇನು?"

"ಇನ್ನೆರಡು ಮೂರು ದಿನ ಬಿಟ್ರೆ ಹಾರ್ತವೆ. ಆಮೇಲೆ ಬಂದು ಕೆರೀತೀನಿ."

"ಹೂವೇರಿಸೋದು ನಾಳೆ ಕಣಯ್ಯ!"

"ಎತ್ತಿ ಆ ದಿಬ್ಬದ ಮೇಲಿಡಿ" ಅಂತ ಯಾರೋ ಹಿಂದಿನಿಂದ ಕೂಗಿದರು. ಈಗ ಮುಟ್ಟಿದರೆ ಮರಿಗಳು ಹೆದರಿ ಅವಧಿಗೆ ಮುಂಚೆ ಜಿಗಿದುಬಿಡುತ್ತವೆ, ಹಾರಲಾರವು, ರಾತ್ರಿಯ ಚಳಿಗೆ ಉಳಿಯಲಾರವು ಅಂದೆ. ಪಾಠ ಹೇಳುವ ದನಿ ಬಂದುಬಿಟ್ಟಿತ್ತು, ಒಬ್ಬಿಬ್ಬರು ನಕ್ಕರು.

ನೆಲ್ಡಾ ಗುಂಪು ಸರಿಸಿಕೊಂಡು ಬಂದಳು, ಕೈಯಲ್ಲಿ ಗುದ್ದಲಿ, ಮುಖ ಕೆಂಪಗೆ. "ಭಾವ, ಆ ಹಕ್ಕಿ ಇಲ್ಲಿ ನೊಣದ ಹಾಗೆ ತುಂಬಿದೆ. ನನ್ನ ದನದ ಕೊಟ್ಟಿಗೆ ದಿಬ್ಬದಲ್ಲಿ ಒಂದು, ಅಂಚೆ ಡಬ್ಬದ ಕೆಳಗೊಂದು, ತೂಗುಕುಂಡದಲ್ಲೊಂದು. ನಾಳೆ ಇಷ್ಟು ಜನ ಬರ್ತಾರೆ. ಎಲ್ರದ್ದೂ ಬೋಳಾಗಿ ಚಂದ ಇರುತ್ತೆ, ನಮ್ಮಕ್ಕಂದು ಮಾತ್ರ ಗತಿಯಿಲ್ಲದೋರ ಗೋರಿ ಹಾಗೆ ಹುಲ್ಲು ಹೊದ್ಕೊಂಡು ಇರ್ಬೇಕಾ? ಯಾರೂ ಇಲ್ಲ ಅವ್ಳಿಗೆ ಅಂತ ಅಂದ್ಕೊಳ್ಳಲ್ವಾ?"

"ಅಂದ್ಕೊಳ್ಳಲಿ ನೆಲ್ಡಾ."

"ಸರೀರಿ ಈ ಕಡೆ."

ನಾನು ಸರಿಯಲಿಲ್ಲ. ಧೈರ್ಯ ಅಂತಲ್ಲ, ಬಹಳ ದಣಿದಿದ್ದೆ, ನಿಂತಲ್ಲೇ ನಿಂತಿದ್ದೆ. ಅಷ್ಟರಲ್ಲಿ ತಾಯಿ ಹಕ್ಕಿ ಗೂಡಿನಿಂದ ಹೊರಬಿದ್ದು ನೆಲ್ಡಾಳ ಬೂಟಿನ ಮುಂದೆ ರೆಕ್ಕೆ ಎಳೆಯುತ್ತ, ಬಾಲ ಬಿಚ್ಚಿ, ಉರುಳುರುಳಿ ಓಡಿತು. ಇಪ್ಪತ್ತು ಗುದ್ದಲಿಗಳ ನಡುವೆ. ಅವಳಿಗೆ ಅದರ ನಾಟಕ ಗೊತ್ತು. ಗೊತ್ತಿದ್ದೂ ಅದು ಹೋದ ಕಡೆಗೇ ನೋಡುತ್ತ ನಿಂತಳು.

ಓಡೆಲ್ ಮಾವ ಗಂಟಲು ಸರಿಮಾಡಿಕೊಂಡರು. "ಮಾತು ಮಾತೇ ಅಳಿಯ. ಕೆರೀದೋನಿಗೆ ಜಾಗ ಇಲ್ಲ. ನಾನ್ ಮಾಡಿದ್ದಲ್ಲ ಅದು, ನಮ್ಮಪ್ಪಂದು. ಇವತ್ತು ಗುದ್ದಲಿ ಹಾಕ್ದೆ ಹೋದ್ರೆ ಆ ಜಾಗ ನೆಲ್ಡಾದು. ಯೋಚ್ನೆ ಮಾಡು."

"ಅವಳದೇ ಇರಲಿ ಮಾವ" ಅಂದೆ.

ಒಬ್ಬೊಬ್ಬರೇ ಗುದ್ದಲಿ ಒರೆಸಿಕೊಂಡು ಪಿಕಪ್ಪಿನ ಕಡೆ ಹೋದರು. ನೆಲ್ಡಾ ಎಲ್ಲರಿಗಿಂತ ಕೊನೆಗೆ ಹೋದಳು, ನನ್ನ ಕಡೆ ತಿರುಗಿ ನೋಡದೆ.

ಜಾಗ ಹೋಯಿತು. ಮನೆಗೆ ಬಂದಾಗ ಎಷ್ಟು ಹಸಿವಾಗಿತ್ತೆಂದರೆ ಮೂರು ಮೊಟ್ಟೆ ಹುರಿದುಕೊಂಡು, ಬ್ರೆಡ್ಡು ಪೂರ್ತಿ ಮುಗಿಸಿದೆ. (ಕೋಳಿಯವು.)

ಜೂನ್ 9, ಭಾನುವಾರ

ಗುಡ್ಡದ ತುಂಬ ಹೂವು. ಪ್ರತಿ ದಿಂಡಿನ ಮೇಲೂ ಕಾಗದದ್ದು, ಬಟ್ಟೆಯದ್ದು, ಕುಂಡದ್ದು. ಮಧ್ಯೆ ವಿಲೋಡೀನ್ ಒಬ್ಬಳೇ ತಲೆ ಬಾಚದೆ ಬಂದವಳ ಹಾಗೆ. ಅವಳು ಬದುಕಿದ್ದಾಗಲೂ ಭಾನುವಾರ ಹಾಗೇ ಇರುತ್ತಿದ್ದಳು. ಹೀಗೆ ಯೋಚಿಸಿ ನಗು ಬಂತು, ಕೆಮ್ಮಿದೆ.

ಹೂವನ್ನು ಎಲ್ಲಿಡಲಿ ಅಂತ ನಿಂತಿದ್ದೆ. ನೋಡಿದರೆ ಗೋರಿಯ ಪಕ್ಕ, ಗೂಡಿಗೆ ತಾಗದಷ್ಟು ದೂರದಲ್ಲಿ, ನೆಲ್ಡಾ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಪಾದ್ರಿ ಪ್ರಾರ್ಥನೆ ಶುರು ಮಾಡಿದರು. ಅವರಿಗೆ ನಿಲ್ಲಿಸುವುದು ಗೊತ್ತಿಲ್ಲ. ಎಲ್ಲರೂ ಕಣ್ಣು ಮುಚ್ಚಿದ್ದಾಗ ಚಕ್ರದಡಿಯಿಂದ ಮರಿಗಳು ಚಿರ್ರೆಂದವು. ಮಕ್ಕಳಿಬ್ಬರು ಬಗ್ಗಿ ನೋಡಲು ಬಂದರು. ನೆಲ್ಡಾ ಕಣ್ಣು ತೆರೆಯದೆಯೇ, "ಒಂದು ಹೆಜ್ಜೆ ಮುಂದಿಟ್ರೆ ಕಾಲು ಮುರೀತೀನಿ" ಅಂದಳು. "ಆಮೆನ್" ಅಂದರು ಪಾದ್ರಿ.

ಊಟ ಹುಲ್ಲಿನ ಮೇಲೆ, ಉದ್ದ ಮೇಜುಗಳಲ್ಲಿ. ಹುರಿದ ಕೋಳಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು. ನೆಲ್ಡಾ ಒಣಸೇಬಿನ ಪದರ ಕೇಕಿನ ತುಂಡೊಂದನ್ನು ನನ್ನ ತಟ್ಟೆಗೆ ಎಸೆದಳು, ಇಟ್ಟಳು ಅನ್ನಲಾಗದು.

"ಅಕ್ಕನ ಕೈರುಚಿ ಬಂದಿಲ್ಲ" ಅಂದಳು.

"ಬಂದಿಲ್ಲ" ಅಂದೆ. "ಇನ್ನೊಂದು ತುಂಡು ಹಾಕು."

ಜೂನ್ 11

ಹಾರಿದವು. ಹಾರಿದವು ಅನ್ನುವುದಕ್ಕಿಂತ, ಬಿದ್ದು ಓಡಿದವು. ಒಂದು ನನ್ನ ಬೂಟಿನ ಮೇಲೆ ಕೂತು ಹಿಕ್ಕೆ ಹಾಕಿ ಹೋಯಿತು. ಎದೆಯ ಮೇಲೆಲ್ಲ ಕಂದು ಗೆರೆ ಇವಕ್ಕೆ. ಗೊತ್ತಿಲ್ಲದವನು ಬೇರೆ ಗುಬ್ಬಿ ಅಂದುಕೊಳ್ಳುತ್ತಾನೆ. ಆದರೆ ಬಾಲದಲ್ಲಿ ಆಗಲೇ ಬಿಳಿ ಅಂಚು. ನಾಲ್ಕರಲ್ಲೂ ನೋಡಿದೆ.

ಜೂನ್ 13

ನೆಲ್ಡಾ, ನಾನು ಸೇರಿ ಕೆರೆದೆವು. ಅವಳು ಕೆರೆದಳು, ನಾನು ಮಣ್ಣು ಏರಿಸಿದೆ. ಕೆಲಸಕ್ಕಿಂತ ಗುದ್ದಾಟ ಹೆಚ್ಚು. ದಿಂಡು ಸೊಟ್ಟ ಅಂದಳು. ನಿನ್ನ ಕಣ್ಣು ಸೊಟ್ಟ ಅಂದೆ. ಖಾಲಿ ಗೂಡನ್ನು ಎತ್ತಿ ಬೇಲಿಯ ಕಂಬದ ಮೇಲಿಟ್ಟಳು.

"ಆ ಜಾಗ..." ಅಂತ ಶುರು ಮಾಡಿದಳು.

"ಚಹಾ ಇದೆಯಾ?" ಅಂದೆ. ಫ್ಲಾಸ್ಕಿನಲ್ಲಿತ್ತು.

ಜೂನ್ 24

ದುರ್ಬೀನು ಕೊಂಡೆ. ಹಾಲು ದೊಡ್ಡ ಡಬ್ಬಿ ತಂದರೂ ಕಾಫಿಗೇ ಮುಗಿಯುತ್ತದೆ. ಬೆಳಗ್ಗೆ ಐದಕ್ಕೇ ಏಳುವುದು.

ಸಂಜೆ ಓಡೆಲ್ ಮಾವನ ಫೋನ್. ಅವರಾಗಿ ಮಾಡಿದ್ದು ಇದೇ ಮೊದಲು.

"ಅಳಿಯ, ನಿನ್ನ ಹಕ್ಕಿ ಏನ್ ಮಾಡೈತೆ ಗೊತ್ತಾ?"

"ಏನ್ ಮಾವ?"

"ನಾನು ನಂದು ಅಂತ ಕಲ್ಲ್ ನೆಡ್ಸಿಟ್ಟಿಲ್ವಾ, ಹೆಸರು, ಹುಟ್ಟಿದ ವರ್ಷ ಕೆತ್ಸಿ? ಸತ್ತ ವರ್ಷ ಒಂದು ಖಾಲಿ ಬಿಟ್ಟಿದೀನಿ. ಅದರ ಬುಡದಲ್ಲಿ ಗೂಡು ಕಟ್ಟೈತೆ! ಮೊಟ್ಟೇನೂ ಇಟ್ಟೈತೆ."

ವರ್ಷಕ್ಕೆ ಎರಡು ಸಲ ಮರಿ ಮಾಡುತ್ತವೆ, ಮೊದಲ ಗೂಡಿನ ಹತ್ತಿರದಲ್ಲೇ, ಅಂದೆ.

"ನಾಳೆ ನಾನು ಸತ್ತ್‌ಹೋದ್ರೆ ಅಗೆಯೋದೆಲ್ಲಿ?"

"ಒಂದು ತಿಂಗಳು ತಡ್ಕೊಳ್ಳಿ ಮಾವ."

ಆ ಕಡೆಯಿಂದ ಕೆಮ್ಮಿನಂಥ ಸದ್ದು ಬಂತು. ನಕ್ಕರು ಅಂತ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. "ಶುಕ್ರವಾರ ಹುಲ್ಲು ಹೊಡೆಯೋ ಯಂತ್ರ ಬರುತ್ತೆ. ಆ ಹುಡುಗ್ರಿಗೆ ನಾನ್ ಹೇಳಿದ್ರೆ ಮುದುಕಂಗೆ ಮರುಳು ಅಂತಾರೆ. ನೀನು ಬಂದು ನಿಂತ್ಕೋ. ನಿಂಗೆ ಬಾಯಿದೆ. ಮುಂದಿನ ವರ್ಷದ ಕೆರೆತಕ್ಕೂ ನೀನೇ ಮೊದ್ಲೇ ಬಂದು, ಎಲ್ಲೆಲ್ಲಿ ಗೂಡೈತೆ ನೋಡಿ ಹೇಳು. ಆಮೇಲೆ ಗುದ್ದಲಿ ಹಾಕೋಣ."

"ಬರ್ತೀನಿ ಮಾವ. ಮುಂದಿನ ವರ್ಷ ಏಪ್ರಿಲ್‌ನಲ್ಲೇ ಬಂದ್ರೆ ವಾಸಿ, ಗೂಡು ಕಟ್ಟೋಕೆ ಮುಂಚೇನೇ."

ಜಾಗದ ಮಾತು ಅವರೂ ಎತ್ತಲಿಲ್ಲ. ನಾನೂ ಕೇಳಬೇಕಿತ್ತೋ ಏನೋ, ಫೋನ್ ಇಟ್ಟಮೇಲೆ ನೆನಪಾಯಿತು. ಇನ್ನೊಂದು ಸಲ ಮಾಡಿದಾಗ ಕೇಳಿದರಾಯಿತು. ಈಗ ಮಲಗಬೇಕು. ಮಂಜು ಏಳುವ ಮೊದಲೇ ತಾಯಿ ಮೇಯಲು ಹೋಗುತ್ತದೆ, ಮೊಟ್ಟೆ ಎಷ್ಟಿವೆ ಅಂತ ಆಗಲೇ ನೋಡಬೇಕು.